ಬಾಣಂತನ ಯಾರ ಕೆಲಸ?

ಚೊಚ್ಚಲ ಹೆರಿಗೆ ಅಂದರೆ ನಮ್ಮಲ್ಲಿ ಚರ್ಚೆಯೇ ಇಲ್ಲ, ತವರುಮನೆ. ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು, ಅಂಟಿನುಂಡೆ ಎಲ್ಲವೂ ಅಮ್ಮನ ಜವಾಬ್ದಾರಿ. ಅಳಿಯಂದಿರು ವೀಕೆಂಡ್‌ನಲ್ಲಿ ಬಂದು, ಮಗುವನ್ನು ಐದು ನಿಮಿಷ ಎತ್ತಿಕೊಂಡು, ಊಟ ಮಾಡಿ ಹೊರಟರೆ ಅವರ ಪಾಲಿನ ಕೆಲಸ ಮುಗೀತು!

ಕೆಲಸಕ್ಕೆಂದು ನೆದರ್ಲೆಂಡ್ಸ್‌ಗೆ ಹೋದ ಕನ್ನಡದ ದಂಪತಿಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಅಮ್ಮನನ್ನು ಕರೆಸಿಕೊಂಡರೂ ವಿಸಿಟರ್ ವೀಸಾದಲ್ಲಿ ಅವರು ಇರಬಹುದಾದದ್ದು 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ.

ಹಾಗಾದರೆ ಡಚ್ಚರು ಏನು ಮಾಡ್ತಾರೆ? ಅಲ್ಲಿ ‘ಕ್ರಾಮ್‌ಜೋರ್ಖ್’ ಎಂಬ ವ್ಯವಸ್ಥೆಯಿದೆ. ಹೆರಿಗೆಯಾದ ಮೊದಲ ಎಂಟು-ಹತ್ತು ದಿನ ತರಬೇತಿ ಪಡೆದ ಸಹಾಯಕಿ ಮನೆಗೇ ಬರುತ್ತಾರೆ. ತಾಯಿ, ಮಗುವಿನ ಆರೋಗ್ಯ ಗಮನಿಸುತ್ತಾರೆ, ಹಾಲೂಡಿಸಲು, ಸ್ನಾನ ಮಾಡಿಸಲು ಹೇಳಿಕೊಡುತ್ತಾರೆ, ಸಣ್ಣಪುಟ್ಟ ಮನೆಗೆಲಸವನ್ನೂ ಮಾಡುತ್ತಾರೆ. ಖರ್ಚಿನ ಬಹುಪಾಲು ಆರೋಗ್ಯ ವಿಮೆಯದ್ದು. ಆದರೆ ಗರ್ಭಿಣಿಯಾದ ಮೊದಲ ತಿಂಗಳುಗಳಲ್ಲೇ ಬುಕ್ ಮಾಡಬೇಕು. ಮಗು ನೋಡಲು ಬರುವವರೂ ಮೊದಲೇ ಕೇಳಿಕೊಂಡು ಬರ್ತಾರೆ. ಬಂದವರಿಗೆ ಬೆಣ್ಣೆ ಸವರಿದ ರಸ್ಕ್ ಮೇಲೆ ಸಕ್ಕರೆ ಲೇಪಿಸಿದ ಸೋಂಪು ಉದುರಿಸಿ ಕೊಡುವುದು ಅಲ್ಲಿನ ರೂಢಿ.

ಸಹಾಯಕಿ ಹೋದ ಮೇಲೆ? ಅಪ್ಪ. 2020ರ ಜುಲೈನಿಂದ ಅಲ್ಲಿ ಅಪ್ಪಂದಿರಿಗೆ ಪೂರ್ತಿ ಸಂಬಳದ ಒಂದು ವಾರದ ಜೊತೆಗೆ, ಶೇ. 70ರಷ್ಟು ಭತ್ಯೆಯ ಇನ್ನೂ ಐದು ವಾರ ರಜೆ ಇದೆ. ಡೈಪರ್ ಬದಲಿಸುವುದು, ರಾತ್ರಿ ಎದ್ದು ಮಗು ತೂಗುವುದು ‘ಹೆಂಡತಿಗೆ ಸಹಾಯ’ ಅನ್ನಿಸಿಕೊಳ್ಳುವುದಿಲ್ಲ.

ಹಾಗಂತ ಅಲ್ಲಿನದೆಲ್ಲ ಚೆನ್ನ ಅಂತಲ್ಲ. ಡಚ್ ತಾಯಿಗೆ ಹೆರಿಗೆಗೆ ಮುಂಚಿನದೂ ಸೇರಿ ಸಾಮಾನ್ಯವಾಗಿ ಸಿಗುವುದು 16 ವಾರಗಳ ರಜೆ. ನಮ್ಮಲ್ಲಿ 2017ರ ತಿದ್ದುಪಡಿಯ ನಂತರ ಮೊದಲ ಎರಡು ಹೆರಿಗೆಗೆ 26 ವಾರ. ತಿಂಗಳುಗಟ್ಟಲೆ ಬಿಸಿ ಅನ್ನ, ಬೆಚ್ಚಗಿನ ಹಾಸಿಗೆ, ‘ನೀನು ಮಲಗು, ನಾನು ನೋಡ್ಕೋತೀನಿ’ ಅನ್ನುವ ಅಜ್ಜಿಯನ್ನು ಯಾವ ವಿಮೆ ಕೊಡುತ್ತೆ?

ಆದರೆ ಆ ಅಜ್ಜಿಗೂ ಈಗ ಮಂಡಿ ನೋವು, ಬಿಪಿ ಇರುತ್ತೆ. ಕೆಲವರು ಇನ್ನೂ ನೌಕರಿಯಲ್ಲಿದ್ದಾರೆ. ನಮ್ಮ ಕೇಂದ್ರ ಸರ್ಕಾರಿ ನೌಕರ ಅಪ್ಪಂದಿರಿಗೆ 15 ದಿನ ರಜೆಯಿದೆ. ಖಾಸಗಿ ಕಂಪನಿಗಳಲ್ಲಿ ಅದು ಕಂಪನಿಯ ಮರ್ಜಿ.

ಸೀಮಂತದ ಸೀರೆ ಆರಿಸುವ ಹೊತ್ತಿಗೇ ಗಂಡ-ಹೆಂಡತಿ ಕೂತು ಒಂದು ಪಟ್ಟಿ ಮಾಡಿ: ರಾತ್ರಿ ಯಾರು ಏಳೋದು, ಲಸಿಕೆಗೆ ಯಾರು ಕರ್ಕೊಂಡು ಹೋಗೋದು, ಅಮ್ಮನಿಗೆ ಮಧ್ಯಾಹ್ನದ ನಿದ್ದೆಗೆ ಬಿಡುವು ಹೇಗೆ. ಎಣ್ಣೆ ನೀರು ಅಜ್ಜಿಯೇ ಹಾಕಲಿ. ನೀರು ಕಾಯಿಸಿ ಕೊಡೋದು, ಬಟ್ಟೆ ಒಗೆಯೋದು ಅಪ್ಪನ ಹೆಸರಿನ ಮುಂದೆ ಇರಲಿ.