ಗಡಿಯಾಚೆ ಉಳಿದ ಪಿಸ್ತೂಲು

ಓಟಗಾರನ ಪಾದರಕ್ಷೆಯನ್ನು ಯಾವ ಸುಂಕದ ಕಟ್ಟೆಯೂ ತಡೆಯದು. ಗುರಿಕಾರನ ಉಪಕರಣದ ಸಂಗತಿ ಹಾಗಲ್ಲ. ಹೊರಡುವ ದೇಶದ ಅಪ್ಪಣೆ, ಇಳಿಯುವ ದೇಶದ ಅಪ್ಪಣೆ, ನಡುವೆ ವಿಮಾನ ಸಂಸ್ಥೆಯ ಒಪ್ಪಿಗೆ, ಮೂರೂ ಕೂಡಿಬರಬೇಕು. ಬರಿದು ಮಾಡಿದ ಬಂದೂಕು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಸರಕಿನ ಕೋಣೆ ಸೇರಬೇಕು. ತೋಟಾಗಳು ಒಬ್ಬ ಪ್ರಯಾಣಿಕನಿಗೆ ಕಟ್ಟೂ ಸೇರಿ 5 ಕಿಲೋಗ್ರಾಂ ಮೀರಬಾರದು. ಗೆಳೆಯನ ಪಾಲನ್ನೂ ಸೇರಿಸಿ ಒಂದೇ ಕಟ್ಟು ಮಾಡುವಂತಿಲ್ಲ.

ಇವು ಕಾಗದ-ಪತ್ರಗಳ ತೊಡಕು, ತಾಳ್ಮೆಯಿದ್ದರೆ ದಾಟಬಹುದು. ಇಷ್ಟು ಸುಲಭವಲ್ಲದ ಗಡಿಯೊಂದು ಬ್ರಿಟನ್ನಿನಲ್ಲಿ ಎದ್ದಿತು. 1996ರ ಮಾರ್ಚ್ 13ರಂದು ಸ್ಕಾಟ್ಲೆಂಡಿನ ಡನ್‌ಬ್ಲೇನ್ ಊರಿನ ಶಾಲೆಯಲ್ಲಿ 16 ಮಕ್ಕಳೂ ಅವರ ಅಧ್ಯಾಪಕಿಯೂ ಒಬ್ಬನ ಕೈಬಂದೂಕುಗಳಿಗೆ ಬಲಿಯಾದರು. ಅವು ಪರವಾನಗಿ ಪಡೆದ ಆಯುಧಗಳೇ ಆಗಿದ್ದುವು. 1997ರಲ್ಲಿ ಎರಡು ಶಾಸನಗಳು ಬಂದುವು. ಮೊದಲನೆಯದು ದೊಡ್ಡ ಕೈಬಂದೂಕುಗಳನ್ನು ನಿಷೇಧಿಸಿದರೆ, ಎರಡನೆಯದು ಒಲಿಂಪಿಕ್ ಸ್ಪರ್ಧೆಯ ಚಿಕ್ಕ ತೋಟಾದ ಪಿಸ್ತೂಲನ್ನೂ ಬಿಡಲಿಲ್ಲ. ಗಾಳಿಪಿಸ್ತೂಲು ಮಾತ್ರ ಹೇಗೋ ಉಳಿದುಕೊಂಡಿತು.

ಪಿಸ್ತೂಲು ಗುರಿಕಾರನ ಬಳಿಗೆ ಬರುವಂತಿಲ್ಲ. ಗುರಿಕಾರನೇ ಅದರ ಬಳಿಗೆ ಹೋದ! ಆಯುಧವನ್ನು ಸ್ವಿಟ್ಜರ್ಲೆಂಡಿನಂಥ ನಾಡಿನಲ್ಲಿರಿಸಿ, ಅಭ್ಯಾಸಕ್ಕೆಂದು ಕಡಲು ದಾಟುತ್ತಿದ್ದ. ಇದು ಅನ್ಯಾಯವೆಂದು ಕ್ರೀಡಾಪಟುಗಳು ಹೇಳಿದರು. ಇರಬಹುದು. ಆದರೆ ಮಗುವನ್ನು ಕಳೆದುಕೊಂಡ ಮನೆಯವರ ಮುಂದೆ, ಈ ಪಿಸ್ತೂಲು ಬರಿಯ ಆಟದ್ದು ಎಂದು ವಾದಿಸಲು ನನಗಂತೂ ನಾಲಗೆ ಏಳದು.

2002ರ ಮ್ಯಾಂಚೆಸ್ಟರ್ ಕಾಮನ್‌ವೆಲ್ತ್ ಕ್ರೀಡೆಗೂ 2012ರ ಲಂಡನ್ ಒಲಿಂಪಿಕ್ಸಿಗೂ ಸರಕಾರ ವಿಶೇಷ ವಿನಾಯಿತಿ ನೀಡಬೇಕಾಯಿತು. ಇಲ್ಲವಾದರೆ ಆ ಸ್ಪರ್ಧೆಗಳು ಅಲ್ಲಿ ನಡೆಯುವಂತೆಯೇ ಇರಲಿಲ್ಲ. ನಮ್ಮ ವಿಜಯ್ ಕುಮಾರ್ ಲಂಡನ್ನಿನಲ್ಲಿ 25 ಮೀಟರ್ ಕ್ಷಿಪ್ರಗತಿಯ ಪಿಸ್ತೂಲು ಸ್ಪರ್ಧೆಯ ಬೆಳ್ಳಿಯ ಪದಕ ಗೆದ್ದದ್ದು ಆ ವಿನಾಯಿತಿಯ ದಿನಗಳಲ್ಲಿಯೇ.