ಉಸಿರಾಡುವ ವಿಕಿರಣ ಔಷಧ: ಶ್ವಾಸಕೋಶದ ಸ್ಕ್ಯಾನ್‌ಗೆ ಹೆದರಬೇಕೇ?

'ವಿಕಿರಣ' ಎಂಬ ಮಾತು ಕೇಳಿದೊಡನೆ ನಮ್ಮಲ್ಲಿ ಅನೇಕರು ಹೆದರುತ್ತೇವೆ. ವಿಕಿರಣ ಸೂಸುವ ಔಷಧವನ್ನು ಉಸಿರಾಡಬೇಕೆಂದರೆ ಪರೀಕ್ಷೆಯೇ ಬೇಡವೆನ್ನುವವರೂ ಇದ್ದಾರೆ. ಆದುದರಿಂದ ಈ ಪರೀಕ್ಷೆಯ ಬಗ್ಗೆ ತಿಳಿದಿರುವುದು ಒಳ್ಳೆಯದು.

ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕೆಲವೊಮ್ಮೆ ಕಳಚಿ ಬಂದು ಶ್ವಾಸಕೋಶದ ರಕ್ತನಾಳವನ್ನು ಮುಚ್ಚುತ್ತದೆ. ಇದು ಪ್ರಾಣಕ್ಕೆ ಅಪಾಯ. ಇದನ್ನು ಪತ್ತೆಹಚ್ಚಲು ಸಾಮಾನ್ಯವಾಗಿ ಸಿ.ಟಿ. ಸ್ಕ್ಯಾನ್ ಮಾಡುತ್ತಾರೆ. ಆದರೆ ಅದಕ್ಕಾಗಿ ಚುಚ್ಚುವ ಔಷಧ ಮೂತ್ರಪಿಂಡದ ಕಾಯಿಲೆ ಅಥವಾ ಅಲರ್ಜಿ ಇರುವ ಕೆಲವರಿಗೆ ಒಗ್ಗುವುದಿಲ್ಲ. ಅಂತಹವರಿಗೆ ವಿ.ಕ್ಯೂ. ಸ್ಕ್ಯಾನ್ ನೆರವಾಗುತ್ತದೆ.

ಇದರಲ್ಲಿ ಎರಡು ಹಂತಗಳಿವೆ. ಮೊದಲು ಟೆಕ್ನೀಶಿಯಂ-99ಎಂ ಬೆರೆಸಿದ ದ್ರಾವಣವನ್ನು ಮಂಜಿನಂತೆ ಮಾಡಿ, ರೋಗಿಯು ಕೆಲವು ನಿಮಿಷ ಉಸಿರಾಡುವಂತೆ ಮಾಡುತ್ತಾರೆ. ಗಾಳಿ ಎಲ್ಲೆಲ್ಲಿ ತಲುಪಿತೆಂದು ಗಾಮಾ ಕ್ಯಾಮರಾ ಚಿತ್ರ ತೆಗೆಯುತ್ತದೆ. ಬಳಿಕ ತೋಳಿನ ರಕ್ತನಾಳಕ್ಕೆ ಇಂಜೆಕ್ಷನ್ ಕೊಟ್ಟು ರಕ್ತದ ಹರಿವನ್ನು ನೋಡುತ್ತಾರೆ. ಗಾಳಿ ತಲುಪಿದ ಭಾಗಕ್ಕೆ ರಕ್ತ ತಲುಪದಿದ್ದರೆ, ಅಲ್ಲಿ ಹೆಪ್ಪು ಇರಬಹುದೆಂಬ ಸಂಶಯ ಬಲವಾಗುತ್ತದೆ. 1980ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ರೂಪುಗೊಂಡ 'ಟೆಕ್ನೆಗ್ಯಾಸ್' ಎಂಬ, ಹೊಗೆಯಷ್ಟು ನವಿರಾದ ಇಂಗಾಲದ ಕಣಗಳನ್ನೂ ಇದಕ್ಕೆ ಬಳಸುತ್ತಾರೆ. ಅಮೆರಿಕ ಇದಕ್ಕೆ ಅನುಮತಿ ನೀಡಿದ್ದು 2023ರಲ್ಲಿ.

ಈ ಪರೀಕ್ಷೆಯ ವಿಕಿರಣ ಸುಮಾರು 2 ಮಿಲಿಸೀವರ್ಟ್. ಮಣ್ಣು, ಗಾಳಿ, ಆಹಾರ, ಆಕಾಶಗಳಿಂದ ಮನುಷ್ಯನು ಒಂದು ವರ್ಷದಲ್ಲಿ ಪಡೆಯುವ ಜಾಗತಿಕ ಸರಾಸರಿ 2.4. ಟೆಕ್ನೀಶಿಯಂನ ಶಕ್ತಿ ಪ್ರತಿ 6 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಒಂದು ದಿನದಲ್ಲಿ ಹದಿನಾರರಲ್ಲೊಂದು ಪಾಲು ಮಾತ್ರ ಉಳಿಯುತ್ತದೆ.

ರೋಗಿಗೆ ಒಳ್ಳೆಯದಾದ ಈ ಗುಣವೇ ಹಳ್ಳಿಗೆ ತೊಡಕು. ಇದನ್ನು ಮಾತ್ರೆಯಂತೆ ಕಪಾಟಿನಲ್ಲಿ ದಾಸ್ತಾನು ಇಡಲಾಗದು. 66 ಗಂಟೆಗೊಮ್ಮೆ ಅರ್ಧವಾಗುವ ಮಾಲಿಬ್ಡಿನಂ ತುಂಬಿದ 'ಜನರೇಟರ್' ತರಿಸಿ, ಆಸ್ಪತ್ರೆಯಲ್ಲೇ ಟೆಕ್ನೀಶಿಯಂ ಪಡೆಯಬೇಕು. ಆದುದರಿಂದ ಸವದತ್ತಿ ತಾಲೂಕಿನಲ್ಲಿ ಯಲ್ಲಮ್ಮನ ಗುಡ್ಡದ ಬಳಿಯಿರುವ ಉಗರಗೋಳದಂತಹ ಊರಿನ ರೋಗಿಯು ನ್ಯೂಕ್ಲಿಯರ್ ಮೆಡಿಸಿನ್ ವಿಭಾಗವಿರುವ ದೊಡ್ಡ ಆಸ್ಪತ್ರೆಗೇ ಹೋಗಬೇಕಾಗುತ್ತದೆ.

ಹಾಗೆಂದು ಸ್ಕ್ಯಾನ್‌ಗಾಗಿ ಕಾಯುತ್ತಾ ಮನೆಯಲ್ಲಿ ಕೂರಬಾರದು. ಹಠಾತ್ ಉಸಿರುಗಟ್ಟುವಿಕೆ, ಎದೆನೋವು, ರಕ್ತಮಿಶ್ರಿತ ಕೆಮ್ಮು, ಒಂದೇ ಕಾಲಿನ ಊತ ಕಂಡರೆ 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಗೆ ಸೇರಿಸಬೇಕು. ಸಂಶಯ ಬಲವಾಗಿದ್ದರೆ ವೈದ್ಯರು ಸ್ಕ್ಯಾನ್‌ಗೆ ಮೊದಲೇ ಹೆಪ್ಪು ತಡೆಯುವ ಔಷಧ ಆರಂಭಿಸಬಹುದು. ಗರ್ಭಿಣಿಯರು ಮತ್ತು ಮೊಲೆಯುಣಿಸುವ ತಾಯಂದಿರು ಅದನ್ನು ಮುಂಚಿತವಾಗಿ ತಿಳಿಸಬೇಕು. ಅವರಿಗೆ ಔಷಧದ ಪ್ರಮಾಣ ಕಡಿಮೆ ಮಾಡುವುದುಂಟು.

ರೋಗಿಗಳ ಮನೆಗೆ ಭೇಟಿ ನೀಡುವ ನಮ್ಮ ಸೇವಾಕರ್ತರು ಈ ಲಕ್ಷಣಗಳನ್ನು ನೆನಪಿಟ್ಟುಕೊಂಡು ಮನೆಯವರಿಗೂ ತಿಳಿಸಲಿ. ಹೆದರಬೇಕಾದದ್ದು ವಿಳಂಬಕ್ಕೆ, ಸ್ಕ್ಯಾನ್‌ಗೆ ಅಲ್ಲ.