ಒಬ್ಬರೇ ಇರಕೂಡದು

ಧರ್ಮಸ್ಥಳದಲ್ಲಿ ಊಟ ಮುಗಿಸಿ ಬಾಹುಬಲಿ ಬೆಟ್ಟ ಹತ್ತುತ್ತಿದ್ದೆ. ಅನ್ನ, ವಿದ್ಯೆ, ಔಷಧ, ಅಭಯ: ಕ್ಷೇತ್ರದ ಈ ನಾಲ್ಕು ದಾನಗಳ ಹೆಸರು ಚಿಕ್ಕಂದಿನಿಂದ ಬಾಯಿಪಾಠ. ಅಂದು ಮಾತ್ರ ಮೂರನೆಯದರ ಬಳಿ ಮನಸ್ಸು ನಿಂತಿತು. ಔಷಧವೇನೋ ಸರಿ, ಅದನ್ನು ಕುಡಿಸುವವರು, ಮಗ್ಗುಲು ಹೊರಳಿಸುವವರು, ರಾತ್ರಿಯಿಡೀ ಎಚ್ಚರ ಕೂರುವವರು ಯಾರು? ಈ ಪ್ರಶ್ನೆ ಹಿಡಿದು ಜೈನ ಗ್ರಂಥಗಳೊಳಗೆ ಹೊಕ್ಕವಳಿಗೆ ಸಿಕ್ಕಿದ್ದನ್ನು ನೋಡಿ ಮೈ ಜುಮ್ಮೆಂದಿತು!

ಶಿವಾರ್ಯರ ಪ್ರಾಕೃತ ಗ್ರಂಥ 'ಭಗವತೀ ಆರಾಧನಾ'. ನಮ್ಮ 'ವಡ್ಡಾರಾಧನೆ'ಯ 19 ಕಥೆಗಳ ಬೇರು ಇದರಲ್ಲೇ ಇದೆ. ಮುಪ್ಪಿನಲ್ಲೋ ವಾಸಿಯಾಗದ ರೋಗದಲ್ಲೋ ಹಂತಹಂತವಾಗಿ ಆಹಾರ ಬಿಟ್ಟು ದೇಹ ತ್ಯಜಿಸುವ ಸಲ್ಲೇಖನ ವ್ರತ ಹಿಡಿದ ಮುನಿಯನ್ನು ನೋಡಿಕೊಳ್ಳುವವರಿಗೆ ಅದು ನಿರ್ಯಾಪಕರೆನ್ನುತ್ತದೆ. ಎಷ್ಟು ಮಂದಿ ಗೊತ್ತೇ? 48! ನಾಲ್ಕು ನಾಲ್ಕು ಜನರ 12 ತಂಡ. ನಾಲ್ವರು ಹಿಡಿದೆಬ್ಬಿಸಿ, ಕೂರಿಸಿ, ಹೊರಳಿಸಲು. ನಾಲ್ವರು ಆಹಾರಕ್ಕೆ, ನಾಲ್ವರು ಪಾನಕ್ಕೆ. ಮಲಮೂತ್ರ ತೆಗೆಯಲು ನಾಲ್ವರು. ಧೈರ್ಯ ತುಂಬುವ ಕಥೆ ಹೇಳಲು ನಾಲ್ವರು. ಬಾಗಿಲಲ್ಲಿ ನಾಲ್ವರು. ರಾತ್ರಿ ನಿದ್ದೆಗೆಡಲು ಬೇರೆಯೇ ನಾಲ್ವರು. ಆಸ್ಪತ್ರೆಯ ಡ್ಯೂಟಿ ಪಟ್ಟಿಯಲ್ಲದೆ ಇದು ಮತ್ತೇನು?

ಇನ್ನೂ ಮುಂದೆ ಓದಿ ಎದ್ದು ನಿಂತುಬಿಟ್ಟೆ. ಕಾಲ ಕೆಟ್ಟಾಗ ಸಂಖ್ಯೆ ಇಳಿಸಬಹುದಂತೆ, ಆದರೆ ಇಬ್ಬರಾದರೂ ಬೇಕೇ ಬೇಕು. ಒಬ್ಬರೇ ಇದ್ದರೆ? ಆತ ಭಿಕ್ಷೆಗೆ ಹೋದರೆ ಮಲಗಿದವನು ಅನಾಥ, ಹೋಗದಿದ್ದರೆ ಆತನೇ ಉಪವಾಸ. ಇಬ್ಬರಿಗೂ ಕೇಡು. ಆರೈಕೆ ಮಾಡುವವರ ಹಸಿವನ್ನೂ ಲೆಕ್ಕಕ್ಕೆ ಹಿಡಿದ ಈ ಕರುಣೆಗೆ ಏನೆನ್ನಲಿ!

ಅವರು ಸನ್ಯಾಸಿಗಳು, ಸಂಬಳದ ನರ್ಸುಗಳಲ್ಲ, ನಿಜ. ಅವರ ಗುರಿ ರೋಗ ವಾಸಿಮಾಡುವುದೂ ಆಗಿರಲಿಲ್ಲ. ಆದರೆ ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಇಂದಿನ ದಾದಿಯರು ಈ ಪಟ್ಟಿಯಲ್ಲಿ ತಮ್ಮ ದಿನಚರಿಯನ್ನೇ ಕಂಡಾರು. ಅವರ ಪಾಠದಲ್ಲಿ ನೈಟಿಂಗೇಲ್ ಇದ್ದೇ ಇದ್ದಾರೆ: 1854ರ ಸ್ಕುಟಾರಿಯ ಯುದ್ಧದ ಆಸ್ಪತ್ರೆ, 1860ರ ಲಂಡನ್ ನರ್ಸಿಂಗ್ ಶಾಲೆ. ಇರಲೇಬೇಕು. ಚರಕ ಹೇಳಿದ ಪರಿಚಾರಕನ ನಾಲ್ಕು ಗುಣಗಳನ್ನೂ ಕೆಲವರು ಓದಿರುತ್ತಾರೆ: ಆರೈಕೆಯ ಅರಿವು, ಕೈಚಳಕ, ರೋಗಿಯ ಮೇಲೆ ಅಕ್ಕರೆ, ಶುಚಿ. ಆದರೆ ಉದ್ದಾಯನ ರಾಜನ ಕಥೆ? ರೋಗಿಷ್ಠ ಮುನಿಯ ವೇಷದಲ್ಲಿ ಬಂದ ದೇವನು ಉಂಡದ್ದನ್ನೆಲ್ಲ ಕಾರಿಕೊಂಡಾಗ, ರಾಜ ರಾಣಿ ಇಬ್ಬರೂ ಮೂಗು ಮುರಿಯದೆ ತೊಳೆದರು. ಆ ಹೇಸಿಗೆಯಿಲ್ಲದ ಗುಣಕ್ಕೆ ಜೈನರು ಹೆಸರನ್ನೇ ಇಟ್ಟಿದ್ದಾರೆ: ನಿರ್ವಿಚಿಕಿತ್ಸೆ. ಸಮ್ಯಗ್ದರ್ಶನದ, ಅಂದರೆ ಸರಿಯಾದ ಶ್ರದ್ಧೆಯ, ಎಂಟು ಅಂಗಗಳಲ್ಲಿ ಅದೂ ಒಂದು! ಬೆಡ್‌ಪ್ಯಾನ್ ಎತ್ತುವ ಕೈಗೆ ಇಷ್ಟು ಎತ್ತರದ ಜಾಗ ಕೊಟ್ಟ ಚರಿತ್ರೆ ಇಲ್ಲಿಯೇ, ನಮ್ಮ ಬಸದಿಗಳ ನಾಡಿನಲ್ಲೇ ಇರುವಾಗ, ನರ್ಸಿಂಗ್ ಕಲಿಯುವ ಹುಡುಗಿಯರಿಗೆ ಅದನ್ನು ಯಾಕೆ ಹೇಳಬಾರದು?

ತಡೆಯಲಾರದೆ ಅಕ್ಕನ ಮಗಳಿಗೆ ಫೋನ್ ಮಾಡಿದೆ. ಮಂಗಳೂರಿನಲ್ಲಿ ಅವಳು ರಾತ್ರಿ ಪಾಳಿಗೆ ಹೊರಟಿದ್ದಳು. 48ರ ಕಥೆಗೆ ಹೂಂಗುಟ್ಟಿದಳು. ಇಬ್ಬರ ಮಾತಿಗೆ ಬಂದಾಗ ಒಂದು ಕ್ಷಣ ಸುಮ್ಮನಾದಳು.

"ಒಬ್ಬರೇ ಇರಬಾರದು ಅಂತ ಬರೆದೇ ಇದೆಯಾ ಚಿಕ್ಕಮ್ಮ? ಆ ಪುಟದ ಫೋಟೊ ಕಳಿಸಿ. ಈಗಲೇ."